ಅಂಟಾಪ್ ಹಿಲ್‌ನ ಬಾಗಿಲಿಗೆ ಚಿಲಕ

ಮುಂಬಯಿಯ ಅಂಟಾಪ್ ಹಿಲ್ ಅಂಚೆ ಕಚೇರಿಯ ಹತ್ತಿರ ‘ಬೌದ್ಧಿಕ ಸಂಪದಾ ಭವನ’ ಎಂಬ ಕೇಂದ್ರ ಸರಕಾರದ ಕಟ್ಟಡವಿದೆ. ದೇಶದ ನಾಲ್ಕು ಪೇಟೆಂಟ್ ಕಚೇರಿಗಳಲ್ಲಿ ಒಂದು ಅದರೊಳಗಿದೆ. ಮುಂಬಯಿಯಲ್ಲಿ ನಲವತ್ತು ವರ್ಷ ಕಳೆದವರಿಗೂ ಆ ಹೆಸರು ಗೊತ್ತಿರುವುದು ಕಡಿಮೆ. ಗೊತ್ತಿರಬೇಕಾದ ಪ್ರಮೇಯವೂ ಬಂದಿರಲಿಕ್ಕಿಲ್ಲ. 2023ರ ಮಾರ್ಚ್ 23ರಂದು, ವಿಶ್ವ ಕ್ಷಯರೋಗ ದಿನಕ್ಕೆ ಒಂದು ದಿನ ಮೊದಲು, ಆ ಕಚೇರಿ ಒಂದು ಅರ್ಜಿಯನ್ನು ತಿರಸ್ಕರಿಸಿತು. ಅರ್ಜಿ ಹಾಕಿದ್ದು ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಕಂಪನಿ. ವಿಷಯ, ಬೆಡಾಕ್ವಿಲಿನ್ ಎಂಬ ಕ್ಷಯದ ಮಾತ್ರೆ. ಆಕ್ಷೇಪ ಎತ್ತಿದವರಲ್ಲಿ ಇಬ್ಬರು ಯುವತಿಯರು: ಮುಂಬಯಿಯ ಪತ್ರಕರ್ತೆ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿಯ ಖಾಯೆಲಿಟ್ಶಾದ ಫುಮೇಜಾ ಟಿಸಿಲೆ. ಇಬ್ಬರೂ ಕ್ಷಯವನ್ನು ಗೆದ್ದು ಬದುಕಿದವರು. ಇಬ್ಬರ ಕಿವಿಯೂ ಆ ಚಿಕಿತ್ಸೆಯಲ್ಲೇ ಹೋಗಿತ್ತು.

ಇದಾಗಿ ಒಂದು ವರ್ಷ ತುಂಬಲು ಇನ್ನೂ ಎಂಟು ದಿನ ಇರುವಾಗ, 2024ರ ಮಾರ್ಚ್ 15ರಂದು, ಕೇಂದ್ರ ಸರಕಾರ ಪೇಟೆಂಟ್ ನಿಯಮಗಳ ತಿದ್ದುಪಡಿಯನ್ನು ಅಧಿಸೂಚನೆಯ ಮೂಲಕ ಜಾರಿಗೆ ತಂದಿತು. ಆ ಇಬ್ಬರು ಒಳಗೆ ಬಂದ ಬಾಗಿಲಿಗೆ ಅದರಲ್ಲಿ ಒಂದು ಚಿಲಕ ಹಾಕಲಾಗಿದೆ. ಬೀಗ ಹಾಕಿದ್ದರೆ ಸಂಸತ್ತಿನಲ್ಲಿ ಗದ್ದಲವಾಗುತ್ತಿತ್ತು. ಚಿಲಕಕ್ಕೆ ಸದ್ದು ಕಡಿಮೆ. ಹಾಕಿದವರು ಕೊಡುವ ಕಾರಣಗಳು ಒಂದೂ ನಿಲ್ಲುವಂಥವಲ್ಲ. ಅದನ್ನು ತೆಗೆಯಬೇಕು.

ಕ್ಷಯವೆಂದರೆ ಅಜ್ಜಂದಿರ ಕಾಲದ ಕಾಯಿಲೆ ಎಂದು ತಿಳಿದವರು ಬಹಳ. ಜಗತ್ತಿನ ನಾಲ್ವರು ಕ್ಷಯರೋಗಿಗಳಲ್ಲಿ ಒಬ್ಬರು ಭಾರತದವರು. ಆ ಲೆಕ್ಕದಲ್ಲಿ ಮುಂಬಯಿಗೆ ತನ್ನದೇ ಆದ ಕುಖ್ಯಾತಿ ಇದೆ. 2011ರ ಕೊನೆಗೆ ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯ ನಾಲ್ವರಲ್ಲಿ ಕಂಡಿದೆ ಎಂದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ದೆಹಲಿಯ ಅಧಿಕಾರಿಗಳು ಮೊದಲು ತಕರಾರು ತೆಗೆದದ್ದು ಕಾಯಿಲೆಗೆ ಕೊಟ್ಟ ಹೆಸರಿನ ಬಗ್ಗೆ. ಗೋವಂಡಿಯ ಲಲ್ಲೂಭಾಯಿ ಕಾಂಪೌಂಡ್, ನಟ್ವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ಗುಡಿಸಲು ಬಿಡಿಸಿ ತಂದವರಿಗಾಗಿ ಕಟ್ಟಿದ ಕಟ್ಟಡಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ಕೆಳಮಹಡಿಗಳಿಗೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ. ಅಲ್ಲಿ ಕ್ಷಯ ಹರಡುವುದಕ್ಕೂ ಕಟ್ಟಡಗಳ ಆ ವಿನ್ಯಾಸಕ್ಕೂ ನಂಟಿದೆ ಎಂದು ಅಧ್ಯಯನ ಮಾಡಿದವರು ತೋರಿಸಿದ್ದಾರೆ. ಕಲಬುರ್ಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ ಇರುವುದು ಇಂಥ ಜಾಗಗಳಲ್ಲೇ. ಹೋಟೆಲಿನ ಅಟ್ಟದ ಮೇಲೆ ಸಾಲಾಗಿ ಮಲಗುತ್ತಿದ್ದ ಕರಾವಳಿಯ ಹುಡುಗರ ತಲೆಮಾರಿನಲ್ಲಿ ಬಿಡದ ಕೆಮ್ಮಿಗೆ ಇದ್ದ ಮದ್ದು ಊರಿನ ಬಸ್ಸು. ಮಹಾನಗರಪಾಲಿಕೆ ಸೇವ್ರಿಯಲ್ಲಿ ನಡೆಸುವ ಸುಮಾರು ಸಾವಿರ ಹಾಸಿಗೆಗಳ ಕ್ಷಯದ ಆಸ್ಪತ್ರೆ ಅಂಟಾಪ್ ಹಿಲ್‌ನಿಂದ ದೂರವೇನಲ್ಲ. ಪೇಟೆಂಟ್ ಅರ್ಜಿಯ ಭವಿಷ್ಯ ಬರೆಯುವ ಮೇಜು ಮತ್ತು ಆ ಮಾತ್ರೆಗಾಗಿ ಕಾಯುವ ಮಂಚ ಒಂದೇ ಊರಿನ ಒಂದೇ ಮಗ್ಗುಲಲ್ಲಿವೆ.

ಔಷಧ ನಿರೋಧಕ ಕ್ಷಯದ ಹಳೆಯ ಚಿಕಿತ್ಸೆ ಹೇಗಿತ್ತೆಂದು ತಿಳಿಯದೆ ಬೆಡಾಕ್ವಿಲಿನ್‌ನ ಬೆಲೆ ಅರ್ಥವಾಗದು. ಸುಮಾರು ಎರಡು ವರ್ಷ, ಹದಿನಾಲ್ಕು ಸಾವಿರಕ್ಕೂ ಮಿಕ್ಕ ಮಾತ್ರೆಗಳು, ಅದರ ಮೇಲೆ ತಿಂಗಳುಗಟ್ಟಲೆ ದಿನವೂ ಸೂಜಿ. ಆ ಸೂಜಿಮದ್ದಿನ ಹೆಸರು ಕನಮೈಸಿನ್. ಒಳಕಿವಿಯ ಸೂಕ್ಷ್ಮ ಕೋಶಗಳನ್ನು ಅದು ಕೊಲ್ಲಬಲ್ಲದು; ಒಮ್ಮೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ನಂದಿತಾ ಭರತನಾಟ್ಯ ಕಲಿತವರು. ಕರುಳಿನ ಕ್ಷಯ ಎರಡನೆಯ ಸಲ ಮರುಕಳಿಸಿದ 2013ರಲ್ಲಿ ಅವರ ಶ್ರವಣಶಕ್ತಿ ಹೋಯಿತು. ಬದುಕಬೇಕೋ ಕೇಳಬೇಕೋ ಎಂಬ ಆಯ್ಕೆಯನ್ನು ಸಾವಿರಾರು ಜನರ ಮುಂದೆ ಇಟ್ಟ ಚಿಕಿತ್ಸೆ ಅದು. ಅದಕ್ಕೆ ಬದಲಿಯಾಗಿ ಬಂದದ್ದು ಬೆಡಾಕ್ವಿಲಿನ್. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರ ಡಿಸೆಂಬರ್‌ನಲ್ಲಿ; ನಲವತ್ತು ವರ್ಷಗಳಲ್ಲಿ ಕ್ಷಯಕ್ಕೆ ಬಂದ ಮೊದಲ ಹೊಸ ಬಗೆಯ ಮದ್ದು. ಸೂಜಿಯಿಲ್ಲದೆ, ಬರೀ ಮಾತ್ರೆಯಿಂದ ಗುಣವಾಗುವ ದಾರಿ ಅದರಿಂದ ತೆರೆಯಿತು.

ಕಂಪನಿಗೆ ಇದರ ಮೂಲ ರಾಸಾಯನಿಕದ ಮೇಲೆ ಭಾರತದಲ್ಲಿ ಪೇಟೆಂಟ್ ಇತ್ತು. 20 ವರ್ಷದ ಆ ಅವಧಿ 2023ರ ಜುಲೈ 18ಕ್ಕೆ ಮುಗಿಯಬೇಕಿತ್ತು, ಮುಗಿಯಿತು. ಅದರ ಬಗ್ಗೆ ಯಾರಿಗೂ ಜಗಳವಿರಲಿಲ್ಲ. ಜಗಳ ಎರಡನೆಯ ಅರ್ಜಿಯದು. ಅದೇ ರಾಸಾಯನಿಕವನ್ನು ಫ್ಯೂಮರಿಕ್ ಆಮ್ಲದ ಜೊತೆ ಸೇರಿಸಿ ಮಾಡಿದ ಲವಣರೂಪಕ್ಕೆ ಬೇರೆ ಪೇಟೆಂಟ್ ಬೇಕೆಂದು ಕಂಪನಿ ಕೇಳಿತ್ತು. ಮದ್ದಿನ ಕಣವನ್ನು ಲವಣವಾಗಿಸುವುದು ಔಷಧ ತಯಾರಿಕೆಯಲ್ಲಿ ದಿನನಿತ್ಯದ ಕೆಲಸ. ಮಾತ್ರೆ ಸರಿಯಾಗಿ ಕರಗಲಿ, ಬಹಳ ದಿನ ಕೆಡದಿರಲಿ ಎಂದು ಮಾಡುವುದು. ಅಕ್ಕಿಯನ್ನು ಇಡ್ಲಿಗೆ ನೆನೆಹಾಕಿದವನು ಅಕ್ಕಿ ಕಂಡುಹಿಡಿದೆ ಎಂದ ಹಾಗೆ. ಅರ್ಜಿ ಒಪ್ಪಿಗೆಯಾಗಿದ್ದರೆ ಕಂಪನಿಯ ಏಕಸ್ವಾಮ್ಯ 2027ರ ಡಿಸೆಂಬರ್‌ವರೆಗೆ ಮುಂದುವರಿಯುತ್ತಿತ್ತು. ಅಂದರೆ ಇನ್ನೂ ನಾಲ್ಕು ವರ್ಷಕ್ಕಿಂತ ಹೆಚ್ಚು. ಪೇಟೆಂಟ್ ಬಾಡುವ ಹೊತ್ತಿಗೆ ಅದರ ಬುಡಕ್ಕೆ ಇನ್ನೊಂದು ಚೆಂಬು ನೀರು ಹಾಕುವ ಈ ಉಪಾಯಕ್ಕೆ ಜಗತ್ತಿನಾದ್ಯಂತ ಎವರ್‌ಗ್ರೀನಿಂಗ್ ಎಂಬ ಹೆಸರಿದೆ.

ಮಹಾರಾಷ್ಟ್ರದ ಎಚ್‌ಐವಿ ಬಾಧಿತರ ಜಾಲ ಈ ಅರ್ಜಿಯನ್ನು 2013ರಲ್ಲೇ ಪ್ರಶ್ನಿಸಿತ್ತು. 2019ರ ಫೆಬ್ರವರಿಯಲ್ಲಿ ನಂದಿತಾ ಮತ್ತು ಫುಮೇಜಾ ಗಡಿಗಳಿಲ್ಲದ ವೈದ್ಯರು ಸಂಸ್ಥೆಯ ಬೆಂಬಲದಿಂದ ತಮ್ಮ ಆಕ್ಷೇಪಣೆ ಸೇರಿಸಿದರು. ಅವರು ಕಂಪನಿಯ ಪ್ರತಿಸ್ಪರ್ಧಿಗಳಲ್ಲ, ವಿಜ್ಞಾನಿಗಳಲ್ಲ, ವಕೀಲರೂ ಅಲ್ಲ. ಕಾಯ್ದೆ ಅದನ್ನು ಕೇಳುವುದೂ ಇಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 25(1), ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟ್ ಕೊಡುವ ಮೊದಲು, ‘ಯಾವುದೇ ವ್ಯಕ್ತಿ’ ಆಕ್ಷೇಪಿಸಬಹುದು ಎನ್ನುತ್ತದೆ. ಆ ಎರಡು ಪದ ಪುಕ್ಕಟೆ ಬಂದದ್ದಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಿಂದ ಔಷಧಗಳಿಗೂ ಉತ್ಪನ್ನ ಪೇಟೆಂಟ್ ಕೊಡಲೇಬೇಕಾಗಿ ಬಂದಾಗ, ಅದಕ್ಕೆ ಹಿಂದಿನ ಡಿಸೆಂಬರ್‌ನಲ್ಲಿ ಬಂದ ಸುಗ್ರೀವಾಜ್ಞೆ ಆಕ್ಷೇಪಣೆಯ ಹಕ್ಕನ್ನು ತೀರಾ ತೆಳುವಾಗಿಸಿತ್ತು. ರೋಗಿಗಳ ಸಂಘಟನೆಗಳೂ ಎಡಪಕ್ಷಗಳೂ ಬೆನ್ನುಬಿದ್ದ ಮೇಲೆ 2005ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ಮತ್ತೆ ತುಂಬಿಕೊಟ್ಟಿತು. ಹಳೆಯ ಮದ್ದಿನ ಹೊಸ ರೂಪ ಗುಣದಲ್ಲಿ ಎದ್ದುಕಾಣುವಷ್ಟು ಉತ್ತಮವಾಗಿದ್ದರೆ ಮಾತ್ರ ಪೇಟೆಂಟ್ ಎನ್ನುವ ಸೆಕ್ಷನ್ 3(ಡಿ) ಬಂದದ್ದೂ ಆಗಲೇ. ನೊವಾರ್ಟಿಸ್ ಕಂಪನಿ ಗ್ಲೀವೆಕ್ ಎಂಬ ರಕ್ತ ಕ್ಯಾನ್ಸರ್ ಮದ್ದಿಗಾಗಿ ಈ ಸೆಕ್ಷನ್‌ನೊಡನೆ ಏಳು ವರ್ಷ ಹೋರಾಡಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಗೋಡೆ 3(ಡಿ) ಆದರೆ ಅದರ ಕಾವಲುಗಾರ 25(1). ಕಾವಲುಗಾರನಿಲ್ಲದ ಗೋಡೆಯನ್ನು ಯಾರಾದರೂ ಹಾರಬಹುದು.

ಮುಂಬಯಿಯ ಕಚೇರಿ ಬೆಡಾಕ್ವಿಲಿನ್ ಲವಣದ ಅರ್ಜಿಯನ್ನು ತಳ್ಳಿಹಾಕಿದ್ದು ಇದೇ 3(ಡಿ)ಯನ್ನೂ, ಅದರಲ್ಲಿ ಹೊಸ ಜಾಣ್ಮೆಯಿಲ್ಲ ಎಂಬುದನ್ನೂ ಹೇಳಿ. ಆಮೇಲೆ ಏನಾಯಿತೆಂದು ನೋಡಬೇಕು. ಬಡ ದೇಶಗಳಿಗೆ ಮದ್ದು ಒದಗಿಸುವ ಜಾಗತಿಕ ವ್ಯವಸ್ಥೆಗೆ ಆರು ತಿಂಗಳ ಚಿಕಿತ್ಸೆಯ ಬೆಡಾಕ್ವಿಲಿನ್‌ಗೆ ಕಂಪನಿ 2018ರಲ್ಲಿ ಹಾಕುತ್ತಿದ್ದ ಬೆಲೆ 400 ಡಾಲರ್, 2020ರಲ್ಲಿ 340. ಭಾರತದಲ್ಲಿ ಮೂಲ ಪೇಟೆಂಟ್ ಮುಗಿದು, ಮುಂಬಯಿಯದೇ ಆದ ಲುಪಿನ್ ಕಂಪನಿ ಜೆನೆರಿಕ್ ಮಾತ್ರೆಯೊಡನೆ ಕಣಕ್ಕಿಳಿದ 2023ರ ಆಗಸ್ಟ್‌ನಲ್ಲಿ ಜಾನ್ಸನ್ ಕಂಪನಿಯದೇ ಬೆಲೆ 130 ಡಾಲರಿಗೆ ಇಳಿಯಿತು. ಮರು ತಿಂಗಳು, 134 ದೇಶಗಳಲ್ಲಿ ತನ್ನ ಎರಡನೆಯ ಸಾಲಿನ ಪೇಟೆಂಟುಗಳನ್ನು ಚಲಾಯಿಸುವುದಿಲ್ಲ ಎಂದು ಅದು ಘೋಷಿಸಿತು. ಕಂಪನಿಗೆ ಒಂದೇ ಬೇಸಿಗೆಯಲ್ಲಿ ಹೃದಯ ಕರಗಿತು ಎಂದು ನಂಬುವವರು ನಂಬಲಿ.

ಫುಮೇಜಾ ತನ್ನ ದೇಶ ಬಿಟ್ಟು ಮುಂಬಯಿಯ ಕಚೇರಿಗೆ ಏಕೆ ಬಂದರು ಎಂಬುದರಲ್ಲೇ ಈ ವಾದದ ತಿರುಳಿದೆ. ದಕ್ಷಿಣ ಆಫ್ರಿಕದಲ್ಲಿ ಅರ್ಜಿಯ ಒಳಗೆ ಏನಿದೆ ಎಂದು ಪರೀಕ್ಷಿಸದೆ, ಕಾಗದಪತ್ರ ಸರಿಯಿದೆಯೇ ಎಂದಷ್ಟೇ ನೋಡಿ ಪೇಟೆಂಟ್ ಕೊಡುವುದು ವಾಡಿಕೆ. ಆಕ್ಷೇಪಣೆಗೆ ಬಾಗಿಲೇ ಇಲ್ಲ. ಮುಂಬಯಿಯಲ್ಲಿ ಬಿದ್ದುಹೋದ ಅದೇ ಲವಣದ ಹಕ್ಕು ಅಲ್ಲಿ 2027ರವರೆಗೆ ಸಿಕ್ಕಿತ್ತು. ಕ್ಷಯದಿಂದ ನಲುಗಿದ ಆ ದೇಶ ಕಂಪನಿಯನ್ನು ಮಣಿಸಲು ತನ್ನ ಸ್ಪರ್ಧಾ ಆಯೋಗದ ಮೂಲಕ 2023ರ ಸೆಪ್ಟೆಂಬರ್‌ನಲ್ಲಿ ತನಿಖೆ ಹೂಡಬೇಕಾಯಿತು. ಕಂಪನಿ ಬೆಲೆ ಇಳಿಸಿ, ಪೇಟೆಂಟ್ ಚಲಾಯಿಸುವುದಿಲ್ಲ ಎಂದು ಒಪ್ಪಿದ ಮೇಲೆ 2024ರ ಜುಲೈಯಲ್ಲಿ ತನಿಖೆ ಮುಗಿಯಿತು. ಆದ ಪೇಟೆಂಟನ್ನು ಬಿಡಿಸುವ ಪಾಡು ಅದು. ಆಗದಂತೆ ತಡೆಯುವುದಕ್ಕೆ ಬೇಕಾದದ್ದು ಒಂದು ಕಡತ ಮತ್ತು ಅದನ್ನು ಸ್ವೀಕರಿಸುವ ಒಬ್ಬ ಗುಮಾಸ್ತ.

ಈಗ ಆ ಗುಮಾಸ್ತನ ಮುಂದೆ ಏನೇನು ಬದಲಾಗಿದೆ? 2024ರ ಮಾರ್ಚ್‌ವರೆಗೆ ಈ ಆಕ್ಷೇಪಣೆಗೆ ಶುಲ್ಕ ಇರಲಿಲ್ಲ. ಈಗ ವ್ಯಕ್ತಿಗಳಿಗೆ, ನವೋದ್ಯಮಗಳಿಗೆ, ಸಣ್ಣ ಉದ್ದಿಮೆಗಳಿಗೆ, ಶಿಕ್ಷಣ ಸಂಸ್ಥೆಗಳಿಗೆ 4,000 ರೂಪಾಯಿ. ಆ ಪಟ್ಟಿಗೆ ಸೇರದ ಎಲ್ಲರಿಗೂ 20,000. ಕರಡಿನಲ್ಲಿದ್ದದ್ದಕ್ಕಿಂತ ಇದು ಕಡಿಮೆ ಎಂದು ಕೆಲವರು ಸಮಾಧಾನಪಟ್ಟರು. ಆದರೆ ಒಂದು ಮದ್ದೆಂದರೆ ಒಂದು ಅರ್ಜಿಯಲ್ಲ. ಲವಣಕ್ಕೊಂದು, ಹರಳಿನ ರೂಪಕ್ಕೊಂದು, ಮಕ್ಕಳ ಪ್ರಮಾಣಕ್ಕೊಂದು, ಇನ್ನೊಂದು ಮದ್ದಿನ ಜೊತೆ ಬೆರೆಸಿದ್ದಕ್ಕೆ ಮತ್ತೊಂದು. ಅರ್ಜಿ ಹಾಕುವ ಕಂಪನಿಗೆ ಇದು ಹೂಡಿಕೆ. ಆಕ್ಷೇಪಿಸುವ ರೋಗಿಗಳ ಸಂಘಕ್ಕೆ ಪ್ರತಿಯೊಂದೂ ಬರಿಯ ಖರ್ಚು, ಗೆದ್ದರೂ ಹಣ ಬರುವುದಿಲ್ಲ. ಗೆದ್ದಾಗ ಲಾಭವಾಗುವುದು ಹೆಸರೂ ಗೊತ್ತಿಲ್ಲದ ಲಕ್ಷಾಂತರ ಜನರಿಗೆ. ಸಮಾಜದ ಪರವಾಗಿ ಪುಕ್ಕಟೆ ಕಾವಲು ಕಾಯುವವನ ಬಳಿ ಟಿಕೆಟ್ ಕೇಳುವ ಈ ಏರ್ಪಾಟು ಯಾವ ಅರ್ಥಶಾಸ್ತ್ರದ್ದೋ.

ಶುಲ್ಕಕ್ಕಿಂತ ಕೆಟ್ಟದ್ದು ಎರಡನೆಯದು. ಆಕ್ಷೇಪಣೆಯಲ್ಲಿ ಮೇಲ್ನೋಟಕ್ಕೆ ಹುರುಳಿದೆಯೇ ಎಂದು ನಿಯಂತ್ರಕರು ಮೊದಲು ತೀರ್ಮಾನಿಸಬೇಕು. ಇಲ್ಲವೆನಿಸಿದರೆ ಆಕ್ಷೇಪಿಸಿದವರಿಗೆ ತಿಳಿಸುತ್ತಾರೆ. ಅವರು ಕೇಳಿಕೊಂಡರೆ ವಿಚಾರಣೆ, ಅದಾದ ಒಂದು ತಿಂಗಳಲ್ಲಿ ಆದೇಶ. ಹುರುಳಿದೆ ಎಂದಾದರೆ ಮಾತ್ರ ಕಂಪನಿಗೆ ನೋಟಿಸು. ಅಂದರೆ ಪರಕೀಯರ ಆಸ್ತಿಯಾಗಲಿರುವ ಜ್ಞಾನದ ಬಗ್ಗೆ ತಕರಾರು ಹೇಳಲು ಬಂದ ಪ್ರಜೆ, ತಕರಾರು ಹೇಳುವ ಯೋಗ್ಯತೆ ತನಗಿದೆ ಎಂಬುದನ್ನು ಮೊದಲೊಂದು ಸುತ್ತು ರುಜುವಾತು ಮಾಡಬೇಕು. ಅಲ್ಲಿ ಬಿದ್ದರೆ ಮೇಲ್ಮನವಿಗೆ ಕಾಯ್ದೆಯಲ್ಲಿ ದಾರಿಯಿಲ್ಲ. ಅರ್ಜಿ ಬಿದ್ದ ಕಂಪನಿಗೆ ಹೈಕೋರ್ಟಿನವರೆಗೆ ಹೆದ್ದಾರಿಯಿದೆ. ಹಳೆಯ ನಿಯಮದಲ್ಲೂ ನಿಯಂತ್ರಕರು ಕಡತ ಓದಿ, ಅರ್ಜಿ ನಿರಾಕರಿಸಬೇಕೆನಿಸಿದಾಗಷ್ಟೇ ಕಂಪನಿಗೆ ನೋಟಿಸು ಕೊಡಬೇಕಿತ್ತು, ಇದರಲ್ಲಿ ಹೊಸತೇನಿದೆ ಎಂದು ಸಮರ್ಥಕರು ಕೇಳುತ್ತಾರೆ. ಸರಿ. ಹೊಸತಿಲ್ಲವಾದರೆ ತಿದ್ದುಪಡಿ ಯಾಕೆ ಬೇಕಾಯಿತು?

ಸರಕಾರದ ಉತ್ತರ ಸಿದ್ಧವಾಗಿದೆ: ದುರುಪಯೋಗ. ಕೊನೆ ಗಳಿಗೆಯಲ್ಲಿ ಯಾರದೋ ಹೆಸರಿನಲ್ಲಿ ಆಕ್ಷೇಪಣೆ ಹಾಕಿ ಅರ್ಜಿಯನ್ನು ವರ್ಷಗಟ್ಟಲೆ ಎಳೆಯುವವರಿದ್ದಾರೆ. ಇದು ಸುಳ್ಳಲ್ಲ. 2020ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಇಂಥದೊಂದು ಪ್ರಕರಣ ಬಂತು. ಪದೇ ಪದೇ ಆಕ್ಷೇಪಣೆ ಹಾಕುವವರ ಹಿಂದೆ ಬೇರೆ ಯಾರೋ ಇರುವ ಅನುಮಾನದ ಬಗ್ಗೆ ನ್ಯಾಯಪೀಠ ಕಟುವಾಗಿಯೇ ಬರೆದು ಅರ್ಜಿಯನ್ನು ವಜಾ ಮಾಡಿತು. ಆದರೆ ಇದೇ ಪ್ರಕರಣ ಸರಕಾರದ ವಾದಕ್ಕೆ ತಿರುಗಿ ನಿಲ್ಲುತ್ತದೆ. ನಿಯಮ ಬದಲಿಸದೆಯೇ ನ್ಯಾಯಾಲಯ ಬೇನಾಮಿಯನ್ನು ಹಿಡಿದುಹಾಕಿತಲ್ಲ. ಬೇನಾಮಿ ಹಾಕಿಸುವ ಪ್ರತಿಸ್ಪರ್ಧಿ ಕಂಪನಿಗೆ 20,000 ರೂಪಾಯಿ ಮಧ್ಯಾಹ್ನದ ಊಟದ ಬಿಲ್ಲು. ಒಳ್ಳೆಯ ವಕೀಲರಿಂದ ಬರೆಸಿದ ಅವನ ಕಡತ ಮೇಲ್ನೋಟದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಎಡವುವವರು ಯಾರೆಂದರೆ, ವಕೀಲರಿಗೆ ಕೊಡಲು ದುಡ್ಡಿಲ್ಲದವರು, ವಿಷಯ ಗೊತ್ತಿದ್ದೂ ಅದನ್ನು ಪೇಟೆಂಟ್ ಭಾಷೆಯಲ್ಲಿ ಬರೆಯಲು ಬಾರದವರು. ಇಲಿ ಹಿಡಿಯಲೆಂದು ಬಾಗಿಲು ಚಿಕ್ಕದು ಮಾಡಿದರೆ ಒಳಗೆ ಬರಲಾಗದೆ ಉಳಿಯುವವರು ಮನುಷ್ಯರು. ಸುಳ್ಳು ಹೆಸರಿನ ಮೇಲೆ ಸಿಟ್ಟಿದ್ದರೆ ಆಕ್ಷೇಪಿಸುವವರ ಗುರುತು ದೃಢಪಡಿಸಿಕೊಳ್ಳಲಿ. ದುರುದ್ದೇಶ ಸಾಬೀತಾದವರ ಮೇಲೆ ದಂಡ ಹಾಕಲಿ. ಅದು ಕಳ್ಳನಿಗೆ ಮಾತ್ರ ತಗಲುವ ಏಟು.

ದುರುಪಯೋಗದ ಮಾತು ನೆಪ ಎಂದು ಅನುಮಾನಪಡಲು ಇನ್ನೊಂದು ತಾರೀಖು ಸಾಕು. ನಿಯಮ ತಿದ್ದುಪಡಿಗೆ ಐದು ದಿನ ಮೊದಲು, 2024ರ ಮಾರ್ಚ್ 10ರಂದು, ಸ್ವಿಟ್ಜರ್‌ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್ ಕೂಡಿದ ಎಫ್ಟಾ ಗುಂಪಿನೊಡನೆ ಭಾರತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. ನೊವಾರ್ಟಿಸ್, ರೋಶ್ ಎರಡೂ ಸ್ವಿಸ್ ಕಂಪನಿಗಳು. 15 ವರ್ಷಗಳಲ್ಲಿ 10,000 ಕೋಟಿ ಡಾಲರ್ ಹೂಡಿಕೆ ಬರುತ್ತದೆ ಎಂಬುದು ಪತ್ರಿಕೆಗಳ ಮುಖಪುಟದ ಸುದ್ದಿಯಾಯಿತು. ಬೌದ್ಧಿಕ ಆಸ್ತಿಯ ಅನುಬಂಧವನ್ನು ಓದಿದವರು ಕಡಿಮೆ. ಹುರುಳಿಲ್ಲದ ಆಕ್ಷೇಪಣೆಗಳನ್ನು ಮೊದಲ ನೋಟದಲ್ಲೇ ತಳ್ಳಿಹಾಕುವ ಏರ್ಪಾಟು ಬೇಕು, ಪೇಟೆಂಟ್ ಪಡೆದವರು ಅದನ್ನು ದೇಶದಲ್ಲಿ ಎಷ್ಟು ಬಳಸಿದ್ದಾರೆ ಎಂಬ ವರದಿಯನ್ನು ವರ್ಷವರ್ಷ ಕೇಳಬಾರದು, ಅಂತರ ಮೂರು ವರ್ಷದಷ್ಟಿರಬೇಕು ಎಂಬ ಧಾಟಿಯ ಮಾತುಗಳು ಅಲ್ಲಿವೆ. ಐದು ದಿನದ ನಂತರ ಬಂದ ಭಾರತದ ನಿಯಮಗಳಲ್ಲಿ ಇದ್ದದ್ದೂ ಇವೇ ಎರಡು. ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮುಂಬಯಿಯ ಒಬ್ಬ ಬೇನಾಮಿದಾರನ ಕಾಟ ಆಲ್ಪ್ಸ್ ಪರ್ವತದವರೆಗೆ ಕೇಳಿಸಿತ್ತು ಎಂದಾಯಿತು.

ವರ್ಷವರ್ಷದ ಆ ವರದಿ, ಅಂದರೆ ಫಾರಂ 27, ಸಪ್ಪೆ ಕಾಗದವಾಗಿ ಕಾಣಬಹುದು. ಒಮ್ಮೆ ಅದು ಏನು ಮಾಡಿತೆಂದು ಇದೇ ಮುಂಬಯಿ ನೋಡಿದೆ. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಬಾಯರ್ ಕಂಪನಿ ನೆಕ್ಸಾವರ್ ಎಂಬ ಮದ್ದನ್ನು ತಿಂಗಳಿಗೆ 2.8 ಲಕ್ಷ ರೂಪಾಯಿಗೆ ಮಾರುತ್ತಿತ್ತು. ಅದನ್ನು 8,880 ರೂಪಾಯಿಗೆ ಮಾಡಿ ಕೊಡುತ್ತೇನೆ ಎಂದು ಹೈದರಾಬಾದಿನ ನ್ಯಾಟ್ಕೊ ಕಂಪನಿ ಕಡ್ಡಾಯ ಪರವಾನಗಿ ಕೇಳಿತು. ಮದ್ದು ಬೇಕಾದವರಲ್ಲಿ ನೂರಕ್ಕೆ ಎರಡರಷ್ಟು ಜನರಿಗೂ ಸರಿಯಾಗಿ ತಲುಪಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ನಿಂತದ್ದು ಬಾಯರ್ ತಾನೇ ತುಂಬಿಕೊಟ್ಟ ಫಾರಂ 27. ಅಂದಿನ ಮಹಾನಿಯಂತ್ರಕ ಪಿ.ಎಚ್. ಕುರಿಯನ್ 2012ರ ಮಾರ್ಚ್‌ನಲ್ಲಿ ಪರವಾನಗಿ ಕೊಟ್ಟರು. ಬಾಂಬೆ ಹೈಕೋರ್ಟ್ 2014ರ ಜುಲೈಯಲ್ಲಿ ಎತ್ತಿಹಿಡಿಯಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬಾಯರ್‌ನ ಅರ್ಜಿ ವಜಾ ಮಾಡಿತು. ಭಾರತ ಇಂದಿನವರೆಗೆ ಔಷಧಕ್ಕೆ ಕೊಟ್ಟ ಕಡ್ಡಾಯ ಪರವಾನಗಿ ಅದೊಂದೇ. ಆ ಸಾಕ್ಷಿಪತ್ರ ಇನ್ನು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಕ್ಯಾನ್ಸರ್ ರೋಗಿಗೆ ಮೂರು ವರ್ಷ ಎಂದರೆ ಎಷ್ಟು ಕಾಲ ಎಂಬುದನ್ನು ಪರೇಲ್‌ನ ಟಾಟಾ ಆಸ್ಪತ್ರೆಯ ಹೊರಗೆ ಫುಟ್‌ಪಾತ್ ಮೇಲೆ ಚಾಪೆ ಹಾಸಿ ಕೂತ ಯಾರನ್ನಾದರೂ ಕೇಳಬಹುದು.

ಪೇಟೆಂಟ್ ಕೊಟ್ಟ ಮೇಲೂ ಆಕ್ಷೇಪಿಸಬಹುದಲ್ಲ, ಅಷ್ಟು ಗೋಳಾಟ ಏಕೆ ಎಂಬುದು ಕೊನೆಯ ವಾದ. ಕೊಟ್ಟ ಮೇಲಿನ ಆಕ್ಷೇಪಣೆ ಸೆಕ್ಷನ್ 25(2)ರದು. ಅಲ್ಲಿ ‘ಯಾವುದೇ ವ್ಯಕ್ತಿ’ ಇಲ್ಲ. ‘ಹಿತಾಸಕ್ತಿಯುಳ್ಳ ವ್ಯಕ್ತಿ’ ಆಗಿರಬೇಕು, ಅದೂ ಒಂದು ವರ್ಷದೊಳಗೆ. ಮಾದಕ ವ್ಯಸನಿಗಳ ನಡುವೆ ಕೆಲಸ ಮಾಡುವ ಮುಂಬಯಿಯ ಸಂಕಲ್ಪ್ ಪುನರ್ವಸತಿ ಟ್ರಸ್ಟ್ ಈ ದಾರಿಯಲ್ಲಿ ನಡೆದು ನೋಡಿದೆ. ಹೆಪಟೈಟಿಸ್ ಸಿ ಕಾಯಿಲೆಯ ಮದ್ದು ಪೆಗಾಸಿಸ್‌ಗೆ ರೋಶ್ ಕಂಪನಿಗೆ 2006ರಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷ ಟ್ರಸ್ಟ್ ಆಕ್ಷೇಪಿಸಿತು, 2009ರಲ್ಲಿ ಪೇಟೆಂಟ್ ಕಚೇರಿಯಲ್ಲಿ ಸೋತಿತು, 2012ರ ನವೆಂಬರ್‌ನಲ್ಲಿ ಮೇಲ್ಮನವಿ ಮಂಡಳಿಯಲ್ಲಿ ಗೆದ್ದಿತು. ರೋಗಿಗಳ ಪರವಾಗಿ ದುಡಿಯುವವರಿಗೂ ಹಿತಾಸಕ್ತಿ ಇದೆ ಎಂದು ಮಂಡಳಿ ಒಪ್ಪಿದ್ದು ದೊಡ್ಡ ಗೆಲುವೇ. ಆದರೆ ಕೊಡಬಾರದಾಗಿದ್ದ ಪೇಟೆಂಟ್ ಆರು ವರ್ಷ ಬದುಕಿತ್ತು. ಆ ಆರು ವರ್ಷದಲ್ಲಿ ಮದ್ದು ಕೊಳ್ಳಲಾಗದ ವ್ಯಸನಿಗಳ ಯಕೃತ್ತು ಮೇಲ್ಮನವಿಯ ತೀರ್ಪಿಗಾಗಿ ಕಾಯಲಿಲ್ಲ. ಅಂದಹಾಗೆ ಆ ಮಂಡಳಿಯೂ ಈಗಿಲ್ಲ. 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಲಾಯಿತು.

ಇದು ಹಳೆಯ ಕಥೆ ಎನ್ನುವವರಿಗೆ ಹೊಸದೂ ಇದೆ. ಹೃದಯ ವೈಫಲ್ಯಕ್ಕೆ ಕೊಡುವ ನೊವಾರ್ಟಿಸ್‌ನ ವೈಮಾಡಾ ಮದ್ದಿನ ಒಂದು ಅರ್ಜಿಗೆ ಹಲವು ಆಕ್ಷೇಪಣೆಗಳು ಬಂದಿದ್ದವು. ಅವನ್ನೆಲ್ಲ ತಳ್ಳಿ 2022ರ ಡಿಸೆಂಬರ್‌ನಲ್ಲಿ ಪೇಟೆಂಟ್ ಕೊಡಲಾಯಿತು. ಕಚೇರಿ ಅರ್ಜಿಯನ್ನು ಪರಿಶೀಲಿಸುವಾಗ ಆಕ್ಷೇಪಿಸಿದವರಿಗೆ ಅಲ್ಲಿ ಮಾತಾಡುವ ಹಕ್ಕಿಲ್ಲ ಎಂದು 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇದೇ ಮದ್ದಿನ ವ್ಯಾಜ್ಯದಲ್ಲಿ ಹೇಳಿತು. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ, ಕೊಟ್ಟ ಮೇಲಿನ ಆಕ್ಷೇಪಣೆಯಲ್ಲಿ, ಆ ಪೇಟೆಂಟ್ ರದ್ದಾಯಿತು. ಹೋರಾಡಿದವರು ಔಷಧ ಕಂಪನಿಗಳ ಒಕ್ಕೂಟದವರು, ಅವರಿಗೆ ತಾಳಿಕೊಳ್ಳುವ ಶಕ್ತಿಯಿತ್ತು. ಕಿವಿ ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳಿಗೆ ಇಷ್ಟು ಉದ್ದದ ಜಗಳಕ್ಕೆ ಯಾರು ದುಡ್ಡು ಕೊಡುತ್ತಿದ್ದರು?

ಹೊಸ ಮದ್ದು ಕಂಡುಹಿಡಿಯುವವರಿಗೆ ಪ್ರತಿಫಲ ಬೇಡವೇ ಎಂಬ ಪ್ರಶ್ನೆ ಈ ಹಂತದಲ್ಲಿ ಬಂದೇ ಬರುತ್ತದೆ. ಬೇಕು. ಬೆಡಾಕ್ವಿಲಿನ್‌ನ ಮೂಲ ಪೇಟೆಂಟನ್ನು 20 ವರ್ಷ ಯಾರೂ ಮುಟ್ಟಲಿಲ್ಲ. ಆ ಮದ್ದಿನ ಅಭಿವೃದ್ಧಿಗೆ ಕಂಪನಿ ಹಾಕಿದ್ದಕ್ಕಿಂತ ಹೆಚ್ಚು ಹಣವನ್ನು ಸರಕಾರಗಳೂ ದಾನಸಂಸ್ಥೆಗಳೂ ಹಾಕಿವೆ ಎಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿದೆ. ತೆರಿಗೆದಾರ ಒಮ್ಮೆ ಸಂಶೋಧನೆಗೆ ಕೊಟ್ಟ, ಇನ್ನೊಮ್ಮೆ ಮಾತ್ರೆಗೆ ಕೊಟ್ಟ. ಮೂರನೆಯ ಸಲ ಅದೇ ಮಾತ್ರೆಯ ಲವಣಕ್ಕೆ ಕೊಡುವುದಿಲ್ಲ ಎಂದದ್ದಷ್ಟೇ ಅಂಟಾಪ್ ಹಿಲ್‌ನ ಆದೇಶ. ಇನ್ನು ಮುಂಬಯಿ ಎಂಬ ಊರಿಗೆ ಪೇಟೆಂಟ್ ಸಡಿಲವಾದರೆ ಉದ್ಯಮ ಸಾಯುತ್ತದೆ ಎಂಬ ಪಾಠ ಹೇಳುವುದು ತಮಾಷೆ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಮೇಲೆ ನಿಂತ 1970ರ ಕಾಯ್ದೆ, ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಕೊಟ್ಟು ಔಷಧಕ್ಕೆ ಕೊಡದೆ ಇದ್ದದ್ದರಿಂದಲೇ ಈ ಊರಿನ ಔಷಧ ಕಾರ್ಖಾನೆಗಳು ಬೆಳೆದವು. 2001ರಲ್ಲಿ ಏಡ್ಸ್‌ನ ಮೂರು ಮದ್ದುಗಳನ್ನು ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದು ಜಗತ್ತನ್ನು ಬೆಚ್ಚಿಬೀಳಿಸಿದ ಸಿಪ್ಲಾ ಮುಂಬಯಿಯ ಕಂಪನಿ.

ಸೆಕ್ಷನ್ 25(1)ರಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ ಎಂಬುದನ್ನು ಮರೆಯುವ ಹಾಗಿಲ್ಲ. ಆಕ್ಷೇಪಿಸಿದವರು ಕೇಳಿಕೊಂಡರೆ ವಿಚಾರಣೆ ನಡೆಸಲೇಬೇಕು ಎಂದು ಸಂಸತ್ತು ಬರೆದದ್ದು ಅಲ್ಲಿ ಹಾಗೇ ಇದೆ. ಯಾವ ರೀತಿಯಲ್ಲಿ, ಎಷ್ಟು ಕಾಲದಲ್ಲಿ ಎಂಬುದನ್ನಷ್ಟೇ ನಿಯಮಗಳಿಗೆ ಬಿಟ್ಟಿದೆ. ಯಾರನ್ನು ಒಳಗೆ ಬಿಡಬೇಕು ಎಂಬುದನ್ನು ಬಿಟ್ಟಿಲ್ಲ. ಸಂಸತ್ತು ಚರ್ಚೆ ಮಾಡಿ ಕೊಟ್ಟ ಹಕ್ಕನ್ನು ಒಂದು ಇಲಾಖೆ ಗೆಜೆಟ್ಟಿನ ಪುಟದಲ್ಲಿ ಸೋಸುವುದಾದರೆ, ಅದನ್ನು ಪ್ರಶ್ನಿಸುವ ಜಾಗ ನ್ಯಾಯಾಲಯ, ಸಂಸತ್ತು ಎರಡೂ ಹೌದು. ಮಹಾರಾಷ್ಟ್ರದ, ಕರ್ನಾಟಕದ ಸಂಸದರಲ್ಲಿ ಎಷ್ಟು ಜನರಿಗೆ ನಿಯಮ 55 ಎಂದರೆ ಏನೆಂದು ಗೊತ್ತೋ. ಮೊದಲ ನೋಟದ ಪರೀಕ್ಷೆಯನ್ನು ಆ ನಿಯಮದಿಂದ ತೆಗೆಯುವುದು, ರೋಗಿಗಳಿಗೂ ಅವರ ಸಂಘಗಳಿಗೂ ಶುಲ್ಕ ಮನ್ನಾ ಮಾಡುವುದು, ಫಾರಂ 27ನ್ನು ಮತ್ತೆ ವರ್ಷಕ್ಕೊಮ್ಮೆ ತರುವುದು, ಈ ಮೂರಕ್ಕೂ ಕಾಯ್ದೆ ತಿದ್ದಬೇಕಾಗಿಲ್ಲ. ಬಂದ ಹಾಗೆಯೇ ಇನ್ನೊಂದು ಅಧಿಸೂಚನೆಯಿಂದ ಹೋಗಬಲ್ಲವು. ಸ್ವಿಸ್ ಒಪ್ಪಂದ ಅಡ್ಡಬರುತ್ತದೆ ಎಂದಾದರೆ, ಅಡ್ಡಬರುತ್ತದೆ ಎಂದು ಸಹಿ ಹಾಕಿದವರು ಬಾಯಿಬಿಟ್ಟು ಹೇಳಲಿ. ಬೇನಾಮಿದಾರರ ಕಥೆಯಾದರೂ ಅಲ್ಲಿಗೆ ನಿಲ್ಲುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಔಷಧ ನಿರೋಧಕ ಕ್ಷಯಕ್ಕೆ ಆರು ತಿಂಗಳ ಹೊಸ ಚಿಕಿತ್ಸಾಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ನಾಲ್ಕು ಮದ್ದುಗಳು, ಎಲ್ಲವೂ ಬಾಯಿಯಿಂದ ನುಂಗುವಂಥವು, ಸೂಜಿ ಇಲ್ಲ. ಆ ನಾಲ್ಕರಲ್ಲಿ ಮೊದಲನೆಯದು ಬೆಡಾಕ್ವಿಲಿನ್. ಅದರ ಲವಣದ ಅರ್ಜಿಯ ವಿರುದ್ಧ ಇಬ್ಬರು ಹೆಣ್ಣುಮಕ್ಕಳು ಆಕ್ಷೇಪಣೆ ಸಲ್ಲಿಸಿದ 2019ರಲ್ಲಿ ಅಂಟಾಪ್ ಹಿಲ್‌ನ ಕಚೇರಿ ಅದಕ್ಕೆ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ.